ಮೈಮೇಲೂ ಹತ್ತಿ, ಕಿವಿಯಲ್ಲೂ ಹತ್ತಿ: ಇದು ರುಚಿಯೋ, ಸೊಕ್ಕೋ?

ಗಂಜ್_ಹಿಂದಿನ_ಓಣಿ

ಸ್ವಲ್ಪ ಉದ್ದ ಆಗುತ್ತೆ, ಮೊದಲೇ ಹೇಳಿಬಿಡ್ತೀನಿ.

ಹೋದ ವಾರ ನಮ್ಮ ಕಾಕಾನ ಮಗನ ಮದುವೆ ಇತ್ತು, ಜೇವರ್ಗಿ ರಸ್ತೆ ಕಡೆ ಒಂದು ಕಲ್ಯಾಣ ಮಂಟಪದಲ್ಲಿ. ಮೇ ತಿಂಗಳ ಕಲಬುರಗಿ ಹೇಗಿರುತ್ತೆ ಅಂತ ಇಲ್ಲಿರುವವರಿಗೆ ಹೇಳಬೇಕಿಲ್ಲ. ಬೆಳಿಗ್ಗೆ ಹತ್ತಕ್ಕೇ ನಲ್ಲಿ ನೀರು ಕೈ ಸುಡುತ್ತೆ. ಮನೆಯ ಹುಡುಗರೆಲ್ಲ ಸೇರಿ ಒಂದೇ ಥರದ ಡ್ರೆಸ್ ಅಂತ ಠರಾವು ಮಾಡಿದ್ದರು. ಮರೂನ್ ಬಣ್ಣದ ಹೊಳೆಯುವ ಕುರ್ತಾ, ಮೇಲೊಂದು ಜರಿ ಜಾಕೀಟು, ಕೊರಳಿಗೆ ಶಲ್ಯ. ನಾನು ಬೇಡ ಅಂದೆ. ಅಂಥ ಬಟ್ಟೆ ಹಾಕಿದರೆ ಅರ್ಧ ಗಂಟೆಯಲ್ಲಿ ನನಗೆ ಬೆನ್ನು ತುರಿಸುತ್ತೆ. ಬಿಳಿ ಕೈಮಗ್ಗದ ಅಂಗಿ, ಧೋತರ ಹಾಕಿಕೊಂಡು ಹೋದೆ.

ಸಂಜೆ ಮೆರವಣಿಗೆಗೆ ಡಿಜೆ ಗಾಡಿ ಬಂತು. ಎರಡಾಳು ಎತ್ತರದ ಬಾಕ್ಸು. ಎದೆಯೊಳಗೆ ಯಾರೋ ಕೂತು ಗುದ್ದಿದ ಹಾಗೆ ಆಗುತ್ತಿತ್ತು. ಜೇಬಿನಲ್ಲಿ ಅತ್ತರಿನ ಹತ್ತಿ ಇತ್ತು, ಎರಡು ಉಂಡೆ ಮಾಡಿ ಕಿವಿಗೆ ಇಟ್ಟುಕೊಂಡೆ. ಅಷ್ಟೇ ನಾನು ಮಾಡಿದ್ದು. ಕಾಕಾನ ಸಣ್ಣ ಮಗ ಮೈಕು ಹಿಡಿದು ಎಲ್ಲರ ಮುಂದೆ ಅಂದ, "ನೋಡ್ರಪಾ, ನಮ್ಮ ಅಣ್ಣಗ ಮೈಮ್ಯಾಲೂ ಹತ್ತಿ, ಕಿವ್ಯಾಗೂ ಹತ್ತಿ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮರುದಿನದಿಂದ ಮನೆಯ ಗ್ರೂಪಿನಲ್ಲಿ ನನ್ನ ಹೆಸರು "ಸಾಹೇಬ್ರು" ಆಗಿದೆ. ಅವಗ ಭಾಳ ಸೊಕ್ಕು, ನಾವೆಲ್ಲ ಅವನ ಲೆವೆಲ್‌ಗಿಲ್ಲ ಅಂತ ಕಾಕು (ಕಾಕಾನ ಹೆಂಡತಿ) ಯಾರ ಹತ್ತಿರವೋ ಹೇಳಿದರಂತೆ.

ನಾನು ಹಿಂದೂಸ್ತಾನಿ ಸಂಗೀತದವನು, ಮಲ್ಲಿಕಾರ್ಜುನ ಮನ್ಸೂರರನ್ನು ಕೇಳುತ್ತೇನೆ, ವೆಂಕಟೇಶ ಕುಮಾರರನ್ನು ಕೇಳುತ್ತೇನೆ. ಉರುಸಿನಲ್ಲಿ ಬಂದೇನವಾಜರ ದರ್ಗಾಕ್ಕೆ ಹೋಗಿ ಕವ್ವಾಲಿಗೆ ಕೂರುತ್ತೇನೆ. ನೀವೂ ಇದನ್ನೇ ಕೇಳಿ ಅಂತ ಒಬ್ಬರಿಗೂ ಹೇಳಿಲ್ಲ. ನನ್ನ ಪಾಡಿಗೆ ನಾನು ಇರೋದು ಸೊಕ್ಕು ಹೇಗೆ ಆಗುತ್ತೆ?

ಸೇಡಂ_ರೋಡ್

ಅಣ್ಣಾ, ಬೇಜಾರಾಗಬೇಡಿ. ನೀವು ಬರೆದಿದ್ದರಲ್ಲೇ ಇದೆ. "ಹೊಳೆಯುವ ಕುರ್ತಾ" ಅಂತ ಬರೆದ ಕಡೆ ನಿಮ್ಮ ಮೂಗು ಮೇಲೆ ಹೋಗಿದ್ದು ನನಗೆ ಇಲ್ಲಿಂದ ಕಾಣಿಸಿತು. ಬರೀ ಮರೂನ್ ಕುರ್ತಾ ಅಂದಿದ್ದರೆ ನಡೀತಿರಲಿಲ್ವಾ?

ಗಂಜ್_ಹಿಂದಿನ_ಓಣಿ

ಹೊಳೀತಿತ್ತು, ಅದಕ್ಕೆ ಹೊಳೆಯುವ ಅಂದೆ. ನಿಜ ಬರೆಯೋದೂ ತಪ್ಪಾ?

ಕಪಡಾ_ಬಜಾರ್

ಬಟ್ಟೆ ವ್ಯಾಪಾರದವನು ನಾನು. ಅಪ್ಪನ ಕಾಲದ ಗಾದಿ ಅಂಗಡಿ. ಎರಡು ಮಾತು ಹೇಳುತ್ತೇನೆ.

ಮೊದಲು ನಿಮ್ಮ ಕಡೆಯದು. ಹತ್ತಿ ತನ್ನ ತೂಕದಲ್ಲಿ ನೂರಕ್ಕೆ ಸುಮಾರು ಎಂಟೂವರೆಯಷ್ಟು ತೇವ ಗಾಳಿಯಿಂದಲೇ ಹಿಡಿದುಕೊಳ್ಳುತ್ತೆ. ಪಾಲಿಯೆಸ್ಟರ್ ನೂರಕ್ಕೆ ಅರ್ಧವೂ ಇಲ್ಲ, 0.4. ಅದಕ್ಕೇ ಬೆವರು ಮೈಮೇಲೇ ನಿಲ್ಲುತ್ತೆ, ತುರಿಕೆ ಬರುತ್ತೆ. ಗಿರಾಕಿಗೆ ಸಂಶಯ ಇದ್ದರೆ ಅಂಚಿನಿಂದ ಎರಡು ಎಳೆ ಕಿತ್ತು ಬೆಂಕಿಕಡ್ಡಿ ಹಚ್ಚಿ ತೋರಿಸುತ್ತೇನೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಉಜ್ಜಿದರೆ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ತುದಿಯಲ್ಲಿ ಕರಿ ಮಣಿ ಕಟ್ಟುತ್ತೆ. ಹಾಗಾಗಿ ಮೇ ತಿಂಗಳಲ್ಲಿ ನೀವು ಹತ್ತಿ ಹಾಕಿದ್ದು ಬುದ್ಧಿವಂತರ ಕೆಲಸ.

ಈಗ ಆ ಕಡೆಯದು. ನನ್ನ ಅಂಗಡಿಗೆ ಆಟೋ ಓಡಿಸುವವರು ಬರುತ್ತಾರೆ, ಗಂಜ್ ಮಾರುಕಟ್ಟೆಯ ಹಮಾಲರು ಬರುತ್ತಾರೆ. ಅವರು ಹತ್ತಿ ಮುಟ್ಟೋದೇ ಇಲ್ಲ. ಯಾಕೆ ಅಂತ ಕೇಳಿ ನೋಡಿ. ರಾತ್ರಿ ಒಗೆದು ಹಾಕಿದರೆ ಬೆಳಿಗ್ಗೆ ಒಣಗಿರಬೇಕು. ಇಸ್ತ್ರಿ ಬೇಡ, ಗಂಜಿ ಬೇಡ. ಮೂರು ವರ್ಷ ಬಣ್ಣ ಹೋಗಬಾರದು. ನಿಮ್ಮ ಬಿಳಿ ಕೈಮಗ್ಗದ ಅಂಗಿ ದಿನಾ ಹಾಕಬೇಕು ಅಂದರೆ ಮನೆಯಲ್ಲಿ ಒಗೆಯುವವರು ಒಬ್ಬರು, ಇಸ್ತ್ರಿಯವನು ಒಬ್ಬ ಇರಬೇಕು. ಅಂಗಿ ಸಾದಾ ಇದೆ, ಅದನ್ನು ಸಾದಾ ಇಡೋ ಖರ್ಚು ಸಾದಾ ಇಲ್ಲ. ಜನಕ್ಕೆ ಸಿಟ್ಟು ಬರೋದು ಅಲ್ಲಿ.

ಇನ್ನೊಂದು ಪ್ರಶ್ನೆ ಇದೆ, ಆಮೇಲೆ ಕೇಳುತ್ತೇನೆ. ಗಿರಾಕಿ ಬಂದರು.

ಹಳೇ_ರೇಡಿಯೋ

ನಿವೃತ್ತ ಮನುಷ್ಯ, ಟೈಮು ಜಾಸ್ತಿ ಇದೆ, ಬರೆದುಬಿಡ್ತೀನಿ.

ನಮ್ಮ ಅಪ್ಪ ಮೊದಲನೇ ಸಲ ಟೆರಿಲಿನ್ ಅಂಗಿ, ಅಂದರೆ ಪಾಲಿಯೆಸ್ಟರ್ ಅಂಗಿ, ಹೊಲಿಸಿದಾಗ ನಾನು ಪ್ರೈಮರಿಯಲ್ಲಿದ್ದೆ. ಆ ಅಂಗಿಯನ್ನು ಟ್ರಂಕಿನಲ್ಲಿ ಪೇಪರ್ ಸುತ್ತಿ ಇಡುತ್ತಿದ್ದರು. ಮದುವೆ, ಜಾತ್ರೆ, ತಾಲೂಕು ಕಚೇರಿ, ಈ ಮೂರಕ್ಕೆ ಮಾತ್ರ. ಓಣಿಯಲ್ಲಿ ಎಲ್ಲರೂ ಮುಟ್ಟಿ ನೋಡಿದ್ದರು. ಧೋತರ, ಹತ್ತಿ ಅಂಗಿ ಹಾಕಿದವರನ್ನು ಆಗ ಹಳ್ಳಿಯವರು ಅನ್ನುತ್ತಿದ್ದರು. ಈಗ ಪಾಲಿಯೆಸ್ಟರ್ ಹಾಕಿದವರು ಹಳ್ಳಿಯವರು, ಹತ್ತಿ ಹಾಕಿದವರು ಸಾಹೇಬರು. ಬಟ್ಟೆ ಎರಡೂ ಅವೇ. ನನಗಂತೂ ನಗು ಬರುತ್ತೆ.

ಹಾಡಿನ ಕಥೆಯೂ ಹೀಗೇ. ಹಾರ್ಮೋನಿಯಂ ಇಲ್ಲದೆ ನಮ್ಮ ಕಡೆ ಒಂದು ಭಜನೆ ಆಗುತ್ತಾ ಹೇಳಿ? ಅದೇ ಹಾರ್ಮೋನಿಯಂ ಅನ್ನು 1940ರಲ್ಲಿ ರೇಡಿಯೋದಿಂದ ಹೊರಗೆ ಹಾಕಿದರು. ಮೀಂಡ್ ಬರೋದಿಲ್ಲ, ಸ್ವರ ಸ್ವರದ ನಡುವೆ ಜಾರೋಕೆ ಆಗೋದಿಲ್ಲ, ಶ್ರುತಿ ಸೂಕ್ಷ್ಮ ಕೆಡುತ್ತೆ, ಪರದೇಶದ ಪೆಟ್ಟಿಗೆ ಅಂತ. ಮಾತಿನಲ್ಲಿ ಸತ್ಯ ಇಲ್ಲ ಅಂತಲ್ಲ. ಮನೆ ಒಂದು, ಕಿಟಕಿ ಹನ್ನೆರಡು ಅಂದ ಹಾಗೆ, ಆ ಪೆಟ್ಟಿಗೆಯಲ್ಲಿ ಸಪ್ತಕಕ್ಕೆ ಹನ್ನೆರಡೇ ಮನೆ. ಆದರೂ ಮೂವತ್ತು ವರ್ಷ ದಾಟಿ, 1971ರ ಹೊತ್ತಿಗೆ ಬಾಗಿಲು ಸ್ವಲ್ಪ ತೆಗೆದರು. ಅಷ್ಟು ದಿನವೂ ದೊಡ್ಡ ದೊಡ್ಡ ಗವಾಯಿಗಳು ಹೊರಗಿನ ಬೈಠಕ್ಕಿನಲ್ಲಿ ಹಾರ್ಮೋನಿಯಂ ಪಕ್ಕದಲ್ಲಿಟ್ಟುಕೊಂಡೇ ಹಾಡುತ್ತಿದ್ದರು.

ಆಮೇಲೆ 1952ರಲ್ಲಿ ಕೇಸ್ಕರ್ ಅನ್ನುವವರು ವಾರ್ತಾ ಮಂತ್ರಿ ಆದರು. ಶಾಸ್ತ್ರೀಯ ಸಂಗೀತ ಬಲ್ಲವರು, ಒಳ್ಳೆಯ ಉದ್ದೇಶ. ಜನರ ರುಚಿ ಸುಧಾರಿಸಬೇಕು ಅಂತ ರೇಡಿಯೋದಲ್ಲಿ ಸಿನಿಮಾ ಹಾಡಿಗೆ ಕತ್ತರಿ ಹಾಕಿದರು. ಜನ ಏನು ಮಾಡಿದರು? ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಚ್ಚಿದರು. ಅದೇ ವರ್ಷ ಅಲ್ಲಿ ಅಮೀನ್ ಸಯಾನಿಯವರ ಸಿನಿಮಾ ಹಾಡಿನ ಕಾರ್ಯಕ್ರಮ ಬಿನಾಕಾ ಗೀತಮಾಲಾ ಶುರುವಾಗಿತ್ತು. ಕೊನೆಗೆ ದಿಲ್ಲಿಯವರೇ ಸೋತು 1957ರಲ್ಲಿ ವಿವಿಧ ಭಾರತಿ ಅಂತ ಬೇರೆ ಸ್ಟೇಷನ್ ಮಾಡಬೇಕಾಯಿತು. ನಮ್ಮ ಮನೆಯಲ್ಲೂ ಬುಧವಾರ ರಾತ್ರಿ ಅಪ್ಪ ಸಿಲೋನ್ ಹಚ್ಚಿದರೆ ಮುತ್ಯಾ ಹೊರಸು ಎತ್ತಿಕೊಂಡು ಅಂಗಳಕ್ಕೆ ಹೋಗುತ್ತಿದ್ದರು. ಆ ಕಾಲಕ್ಕೆ ನಮ್ಮ ಮನೆಯ ಕಿವಿಗೆ ಹತ್ತಿ ಅವರೇ.

ನೀವು ಕೇಳೋ ಮನ್ಸೂರರು ಹುಡುಗರಾಗಿದ್ದಾಗ ನಾಟಕ ಕಂಪನಿಯಲ್ಲಿ ಪಾರ್ಟು ಮಾಡಿ ಹಾಡುತ್ತಿದ್ದವರು. ಕಂಪನಿ ನಾಟಕದ ಹಾಡು ಅಂದರೆ ಆಗಿನ ಮರ್ಯಾದಸ್ಥರಿಗೆ ಈಗಿನ ಡಿಜೆ ಇದ್ದ ಹಾಗೆಯೇ. ಇದನ್ನು ಸುಮ್ನೆ ನೆನಪಿರಲಿ ಅಂತ ಹೇಳಿದೆ.

ಸೇಡಂ_ರೋಡ್

ಹಳೇ ರೇಡಿಯೋ ಸರ್, ನಿಮ್ಮ ಕಾಲಿಗೆ ಬಿದ್ದೆ. ಆ ಹೊರಸಿನ ಮಾತು ನಮ್ಮ ಮನೆಯವರಿಗೆಲ್ಲ ಓದಿ ಹೇಳಿದೆ.

ಶಹಾಬಾದ್_ಫರಸಿ

ರುಚಿ ಬೇರೆ, ಕಿವಿ ಬೇರೆ ಅಲ್ವಾ? ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಅಂತ 2000ನೇ ಇಸವಿಯಿಂದ ನಿಯಮ ಇದೆ. ರಾತ್ರಿ ಹತ್ತರ ಮೇಲೆ ಬೆಳಿಗ್ಗೆ ಆರರ ತನಕ ಧ್ವನಿವರ್ಧಕವೇ ಹಚ್ಚುವ ಹಾಗಿಲ್ಲ. ನಮ್ಮ ಮನೆಯಲ್ಲಿ ಬಾಣಂತಿ ಇದ್ದಾಗ ಮೆರವಣಿಗೆ ಮುಂದೆ ಹೋಯಿತು, ಮಾಡದಲ್ಲಿಟ್ಟಿದ್ದ ಲೋಟ ನಡೆದುಕೊಂಡು ಬಂದು ಕೆಳಗೆ ಬಿತ್ತು. ಕೂಸು ಕಿರುಚಿದ್ದು ನನಗೆ ಕೇಳಲಿಲ್ಲ, ಬಾಯಿ ತೆರೆದಿದ್ದು ಮಾತ್ರ ಕಾಣಿಸಿತು. ಡಿಜೆಯಲ್ಲಿ ಭೀಮಸೇನ ಜೋಶಿಯವರನ್ನೇ ಹಚ್ಚಿದರೂ ನಾನು ಹತ್ತಿ ಇಟ್ಟುಕೊಳ್ಳುವವನೇ. ಈ ವಿಷಯದಲ್ಲಿ ಅಣ್ಣನ ಕಡೆ ನಾನಿದ್ದೇನೆ.

ಸೇಡಂ_ರೋಡ್

ಒಪ್ಪಿದೆ, ಸೌಂಡು ಕಡಿಮೆ ಆಗಲಿ. ಆದರೆ ನಮ್ಮ ಗೆಳೆಯನೊಬ್ಬ ಸಾಲ ಮಾಡಿ ಬಾಕ್ಸು ತಗೊಂಡಿದ್ದಾನೆ, ಮದುವೆ ಸೀಜನ್ನು ಬಿಟ್ಟರೆ ಗಣಪತಿ, ಅಷ್ಟೇ ಅವನ ಸುಗ್ಗಿ. ಅವನು ಹಾಡು ಕೂಡಿಸೋದನ್ನು ಒಂದು ದಿನ ಕೂತು ನೋಡಿ. ಒಂದು ಜಾನಪದ ಪದ ತಗೊಂಡು, ಅದರ ಕೆಳಗೆ ಹಲಗೆ ಹಾಕಿ, ಎಲ್ಲಿ ಬಿಡಬೇಕು ಎಲ್ಲಿ ಹಿಡಿಯಬೇಕು ಅಂತ ರಾತ್ರಿ ಮೂರರ ತನಕ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾನೆ. ಅದು ಕೆಲಸ ಅಲ್ವಾ? "ಗದ್ದಲ" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡ್ತೀರಿ. ನಮ್ಮ ಕಡೆಯ ಯಾವ ಹುಡುಗನೂ ನಿಮ್ಮ ಶಾಸ್ತ್ರೀಯ ಗಾಯನದ ಖಯಾಲನ್ನು ಗದ್ದಲ ಅಂತ ಬಾಯಿ ಬಿಟ್ಟು ಅನ್ನೋದಿಲ್ಲ. ತಿಳಿಯೋದಿಲ್ಲ ಅನ್ನುತ್ತಾನೆ. ಈ ವ್ಯತ್ಯಾಸ ಒಂದು ಸಲ ನೋಡಿ.

ಇಲಕಲ್_ಸೆರಗು

ಹೆಣ್ಣುಮಕ್ಕಳ ಕಡೆಯಿಂದ ಯಾರೂ ಮಾತಾಡಲಿಲ್ಲ, ಅದಕ್ಕೆ ಬಂದೆ.

ನಾನು ಬೆಂಗಳೂರಿಗೆ ಓದೋಕೆ ಹೋದಾಗ ಅವ್ವ ಹಾಸ್ಟೆಲಿಗೆ ಬಿಡೋಕೆ ಬಂದಿದ್ದಳು. ಇಲಕಲ್ ಸೀರೆ, ಖಣದ ಕುಪ್ಪಸ, ಹಣೆ ತುಂಬ ಕುಂಕುಮ. ರೂಮಿನ ಹುಡುಗಿಯರು ನೋಡುತ್ತಾರೆ ಅಂತ ಅವ್ವನನ್ನು ಗೇಟಿನಿಂದಲೇ ಕಳಿಸಿಬಿಟ್ಟೆ. ರೂಮು ಸಣ್ಣದು, ಒಳಗೆ ಬಿಡೋದಿಲ್ಲ ಅಂತ ಸುಳ್ಳು ಹೇಳಿದೆ. ಅವಳು ಗೇಟಿನ ಹೊರಗೆ ನಿಂತು ಶೇಂಗಾ ಹೋಳಿಗೆ ಡಬ್ಬಿ ಕೊಟ್ಟು ಹೋದಳು. ಬಸ್‌ಸ್ಟ್ಯಾಂಡಿಗೆ ದಾರಿ ಗೊತ್ತಿತ್ತೋ ಇಲ್ಲವೋ ಅಂತಲೂ ನಾನು ಕೇಳಲಿಲ್ಲ.

ಈಗ ಅದೇ ಬೆಂಗಳೂರಿನಲ್ಲಿ ನನ್ನ ಆಫೀಸಿನವರು ಖಣದ ಜಾಕೀಟು, ಖಣದ ಬ್ಯಾಗು, ಖಣದ ಕಿವಿಯೋಲೆ ತನಕ ಬಂದಿದ್ದಾರೆ. ಹೋದ ದೀಪಾವಳಿಗೆ ಒಬ್ಬಳು ಇಲಕಲ್ ಉಟ್ಟು ಬಂದು ನನಗೇ ಪಾಠ ಮಾಡಿದಳು, ಇದು ಅಪ್ಪಟ ಅಲ್ಲ, ಪವರ್‌ಲೂಮು ಅಂತ. ನನ್ನ ಸೀರೆಯ ಬಗ್ಗೆ! ನಾನು ಸುಮ್ಮನೆ ಅವಳ ಸೆರಗು ತಿರುವಿ ನೋಡಿದೆ. ನಮ್ಮ ಆಯಿ ಹೇಳಿಕೊಟ್ಟಿದ್ದು ಅದು. ಇಲಕಲ್ಲಿನಲ್ಲಿ ಒಡಲು ಬೇರೆ, ಸೆರಗು ಬೇರೆ. ಒಡಲಿನ ಹಾಸು ಹತ್ತಿ, ಸೆರಗಿನದು ಕೆಂಪು ರೇಷ್ಮೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಕೂಡಿದ ಜಾಗದ ಮೇಲೆ ಹೆಬ್ಬೆರಳು ಎಳೆದರೆ ಸಣ್ಣಗೆ ಗಂಟು ಗಂಟು ಸಿಗುತ್ತೆ, ಉಪ್ಪಿನ ಹರಳು ಸಿಕ್ಕ ಹಾಗೆ. ಆಯಿಗೆ ಕೊನೆಕೊನೆಗೆ ಕಣ್ಣು ಕಾಣುತ್ತಿರಲಿಲ್ಲ, ಬೆರಳಲ್ಲೇ ಸೀರೆ ಆರಿಸುತ್ತಿದ್ದಳು. ಆ ಆಫೀಸಿನವಳ ಸೆರಗಿನಲ್ಲಿ ಆ ಗಂಟು ಇರಲಿಲ್ಲ. ಬಾಯಿ ತನಕ ಬಂದಿತ್ತು, ಹೇಳಲಿಲ್ಲ.

ಒಳ್ಳೆಯತನದಿಂದ ಹೇಳಲಿಲ್ಲ ಅಂದುಕೊಳ್ಳಬೇಡಿ. ಹೇಳದೆ ಇದ್ದಾಗ ಒಳಗೆ ಭಾಳ ಖುಷಿ ಆಗಿತ್ತು. ಆ ಖುಷಿಗೆ ಏನು ಹೆಸರು ಅಂತ ನೀವೇ ಹೇಳಿ. ಗಂಜಿನ ಅಣ್ಣನಿಗೆ ಸೊಕ್ಕು ಇದ್ದರೆ ನನಗೂ ಇದೆ. ಅವ್ವನ ಗೇಟಿನದು ಒಂದು ಥರ, ಇದು ಇನ್ನೊಂದು ಥರ.

ಕಡಕೋಳದ_ಕಡೆಯವ

ಖಯಾಲು ಮೇಲೆ, ಡಿಜೆ ಕೆಳಗೆ ಅಂತ ಎರಡೇ ಮೆಟ್ಟಿಲು ಹಾಕಿಕೊಂಡು ಜಗಳ ಆಡ್ತಿದ್ದೀರಿ. ನಡುವೆ ನಾವಿದ್ದೇವೆ, ತತ್ವಪದದವರು, ಅನುಭಾವದ ಹಾಡು ಹಾಡುವವರು. ಕಡಕೋಳ ಮಡಿವಾಳಪ್ಪ, ಚನ್ನೂರ ಜಲಾಲಸಾಬ, ಖೈನೂರ ಕೃಷ್ಣಪ್ಪ, ತೆಲುಗಬಾಳ ರೇವಪ್ಪ. ಗುರು ಒಬ್ಬ, ಶಿಷ್ಯರು ಎಲ್ಲ ಜಾತಿಯವರು. ಒಂದು ಏಕತಾರಿ, ಒಂದು ದಮ್ಮಡಿ, ಒಂದು ಜೋಡಿ ತಾಳ. ರಾತ್ರಿ ಊಟ ಆದ ಮೇಲೆ ಕೂತರೆ ಕೋಳಿ ಕೂಗೋ ತನಕ. ಒಬ್ಬ ಪದ ಎತ್ತಿದರೆ ಎದುರಿನವ ಅದಕ್ಕೆ ಜವಾಬಾಗಿ ಇನ್ನೊಂದು ಎತ್ತಬೇಕು. ಹಾಡುವವರ ಮೈಮೇಲೆ ಹೊಲದಿಂದ ಬಂದ ಬಟ್ಟೆಯೇ ಇರುತ್ತೆ.

ನಮ್ಮ ತಂಡವನ್ನು ಒಂದು ಸಲ ಪಟ್ಟಣದಲ್ಲಿ ಒಂದು ಸಂಗೀತ ಕಾರ್ಯಕ್ರಮಕ್ಕೆ ಕರೆದಿದ್ದರು. ಯಾರು ಅಂತ ಹೇಳೋದಿಲ್ಲ. ಗಾಯಕರ ತಂಬೂರಿ ಶ್ರುತಿ ಆಗೋ ತನಕ ಹತ್ತು ನಿಮಿಷ ನಿಮ್ಮದು ಅಂದರು. ನಮ್ಮ ಹಿರಿಯರು ಎರಡು ಪದ ಹಾಡುವಷ್ಟರಲ್ಲಿ ಮುಂದಿನ ಸಾಲಿನವರು ಶಲ್ಯ ಸರಿ ಮಾಡಿಕೊಂಡು ಮಾತಾಡ್ತಿದ್ದರು. ಎಲ್ಲರ ಮೈಮೇಲೂ ಖಾದಿ, ಕೈಮಗ್ಗ. ಹಾಡು ಮುಗಿದ ಮೇಲೆ ಒಬ್ಬರು ಬಂದು, "ಸೊಗಸಾಗಿದೆ, ಎಷ್ಟು ಮುಗ್ಧವಾಗಿದೆ" ಅಂದರು. ಹಿರಿಯರಿಗೆ ಮುಗ್ಧ ಅಂದರೆ ಏನು ಅಂತ ಗೊತ್ತಾಗಲಿಲ್ಲ. ಬಸ್ಸಿನಲ್ಲಿ ನನ್ನನ್ನು ಕೇಳಿದರು. "ಏನೂ ತಿಳೀಲಾರದವ್ರು ಅಂತ" ಅಂದೆ. ಅವರು ನಕ್ಕು ತಂಬಾಕು ತಿಕ್ಕಿದರು. ಅಫಜಲಪುರ ಕ್ರಾಸ್ ತನಕ ಮಾತಾಡಲಿಲ್ಲ.

ಬಿದರಿ_ಕಪ್ಪು

ಆ ಕಾರ್ಯಕ್ರಮ ಎಲ್ಲಿ ಆಯಿತೋ ಗೊತ್ತಿಲ್ಲ, ಆದರೆ ಕಲಬುರಗಿಯ ರಂಗಮಂದಿರಕ್ಕೆ ಎಸ್. ಎಂ. ಪಂಡಿತರ ಹೆಸರಿದೆ. 1916ರಲ್ಲಿ ಅದೇ ಊರಲ್ಲಿ ಹುಟ್ಟಿದವರು. ಮುಂಬಯಿಯಲ್ಲಿ ಸಿನಿಮಾ ಪೋಸ್ಟರು ಬರೆದರು, ಕ್ಯಾಲೆಂಡರಿಗೆ ದೇವರು ಬರೆದರು. ಕಿರಾಣಿ ಅಂಗಡಿ ಗೋಡೆಯಲ್ಲಿ ಇದ್ದದ್ದು ಅವರ ಚಿತ್ರವೇ. ಈಗಲೂ "ಕ್ಯಾಲೆಂಡರ್ ಚಿತ್ರ" ಅನ್ನೋದನ್ನು ಬೈಗುಳದ ಹಾಗೆ ಬಳಸುವವರು ಆ ರಂಗಮಂದಿರದಲ್ಲೇ ಕೂತು ಭಾಷಣ ಮಾಡುತ್ತಾರೆ.

ಗಂಜ್_ಹಿಂದಿನ_ಓಣಿ

ಕಡಕೋಳದ ಅಣ್ಣಾ, ನಿಮ್ಮದು ಓದಿ ಸುಮ್ಮನೆ ಕೂತೆ. "ಮುಗ್ಧ" ಅಂತ ನಾನೂ ಯಾರಿಗೋ ಅಂದಿದ್ದೇನೆ.

ಆದರೂ ಒಂದು ಮಾತು. ಎಲ್ಲದನ್ನೂ ಸಮ ಅಂತ ನನಗೆ ಒಪ್ಪೋಕೆ ಆಗೋದಿಲ್ಲ. ಮನ್ಸೂರರು "ಅಕ್ಕ ಕೇಳವ್ವಾ" ಎತ್ತಿಕೊಂಡಾಗ ನನಗೆ ಆಗೋದು, ಆ ಡಿಜೆ ಹಾಡಿನಲ್ಲಿ ಆಗೋದಿಲ್ಲ. ಸುಳ್ಳು ಹೇಳಿ ಕುಣೀಬೇಕಾ? ಇಷ್ಟ ಇಲ್ಲದ್ದನ್ನು ಇಷ್ಟ ಅಂದರೆ ಅದೂ ಒಂದು ಥರ ಅವರನ್ನು ಸಣ್ಣವರನ್ನಾಗಿ ನೋಡಿದ ಹಾಗೇ ಅಲ್ವಾ?

ಸೇಡಂ_ರೋಡ್

ಕುಣೀಬೇಡಿ ಅಣ್ಣಾ. ನಮ್ಮ ಮುತ್ಯಾನೂ ಕುಣಿಯೋದಿಲ್ಲ, ಬದಿಗೆ ನಿಂತು ಹುಡುಗರ ಚಪ್ಪಲಿ ಕಾಯುತ್ತಾನೆ. ಅವನಿಗೆ ಯಾರೂ ಸಾಹೇಬ್ರು ಅನ್ನೋದಿಲ್ಲ.

ಕಪಡಾ_ಬಜಾರ್

ಗಿರಾಕಿ ಹೋದರು. ಈಗ ಆ ಪ್ರಶ್ನೆ. ಇಷ್ಟಕ್ಕೆಲ್ಲ ಮನೆಯವರು ಸೊಕ್ಕು ಅನ್ನೋದಿಲ್ಲ, ನಾನು ದಿನಾ ನೂರು ಮನೆಯವರನ್ನು ನೋಡುತ್ತೇನೆ. ಹತ್ತಿ ಇಟ್ಟುಕೊಂಡಿದ್ದು ಒಂದು ದಿನದ ನಗು, ಆಮೇಲೆ ಮರೀತಾರೆ. ಅಣ್ಣಾ, ಆಯೇರಿಯಲ್ಲಿ, ಅಂದರೆ ಕಾರ್ಯದ ಉಡುಗೊರೆಯಾಗಿ, ಬಂದ ಬಟ್ಟೆ ಏನು ಮಾಡ್ತೀರಿ?

ಗಂಜ್_ಹಿಂದಿನ_ಓಣಿ

ಇದನ್ನು ಕೇಳಬಾರದಿತ್ತು.

ಸರಿ, ಬರೀತೀನಿ. ಹೋದ ವರ್ಷ ನಮ್ಮ ಮನೆ ಕಾರ್ಯಕ್ಕೆ ಅಫಜಲಪುರದ ಅತ್ತಿ ನನಗೆ ಆಯೇರಿ ಮಾಡಿದಳು. ಪ್ಯಾಂಟು ಶರ್ಟಿನ ಪೀಸು, ಅದೇ ಪ್ಲಾಸ್ಟಿಕ್ ಮುಚ್ಚಳದ ಪೆಟ್ಟಿಗೆ. ಶರ್ಟಿನದು ಗಿಳಿ ಹಸಿರು, ಒಳಗೆ ಮಿಂಚುವ ಗೆರೆ. ಈಗ ಮತ್ತೆ ಹೊಳೆಯುವ ಅಂದರೆ ಬೈತೀರಿ. ಅದನ್ನು ನಾನು ಪೆಟ್ಟಿಗೆ ಬಿಚ್ಚಲೂ ಇಲ್ಲ, ಅಲಮಾರಿ ಮೇಲೆ ಇಟ್ಟೆ. ಆರು ತಿಂಗಳ ಮೇಲೆ ಕಾಕಾನ ಮನೆಯಲ್ಲಿ ಕುಬಸದ (ಸೀಮಂತದ) ಕಾರ್ಯ ಇತ್ತು, ಕೊಡೋಕೆ ಬೇಕಿತ್ತು, ಅದನ್ನೇ ಎತ್ತಿ ಕೊಟ್ಟೆ. ಎಲ್ಲರೂ ಹೀಗೇ ಮಾಡುತ್ತಾರೆ, ನಾನೊಬ್ಬನೇ ಅಲ್ಲ.

ಈ ಮದುವೆಯಲ್ಲಿ ಕಾಕು ಆ ಪೆಟ್ಟಿಗೆಯನ್ನು ಆಯೇರಿ ಮಾಡಿದ್ದು ಯಾರಿಗೆ? ಅಫಜಲಪುರದ ಮಾಮನಿಗೆ. ಅತ್ತಿಯ ಗಂಡನಿಗೆ. ಅತ್ತಿ ಕಟ್ಟುವಾಗ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚಿದ್ದಳು, ರಟ್ಟಿನ ಕೆಳಗೆ ಅವರ ಊರಿನ ಅಂಗಡಿ ಚೀಟಿ ಹಾಗೇ ಇತ್ತು. ಮಂಟಪದಲ್ಲಿ ಏನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ನನಗೆ ಚಹಾ ಕೊಡುತ್ತಾ, ಬಸಿ ಕೈಗೆ ಇಟ್ಟು, ಮೆಲ್ಲಗೆ ಕೇಳಿದಳು, "ತಮ್ಮಾ, ಬಣ್ಣ ಸೇರಲಿಲ್ಲೇನು?"

ನಾನು ಏನೋ ಸುಳ್ಳು ಹೇಳಿದೆ. ಟೇಲರ್ ಹತ್ತಿರ ಇದೆ ಅಂದೆ. ಅವಳ ಕೈಚೀಲದಲ್ಲೇ ಆ ಪೆಟ್ಟಿಗೆ ಇತ್ತು.

ಇಲಕಲ್_ಸೆರಗು

ಅಯ್ಯೋ ಅಣ್ಣಾ.

ಸೇಡಂ_ರೋಡ್

ಮೊದಲನೇ ಪೋಸ್ಟಿನಲ್ಲಿ ಇದು ಇರಲಿಲ್ಲ ನೋಡಿ. ಬರೀ ಡಿಜೆಯವನ ಮೇಲೆ ಹಾಕಿದ್ರಿ.

ಗಂಜ್_ಹಿಂದಿನ_ಓಣಿ

ಹೌದು.

ನಿನ್ನೆ ಬಸ್ಸು ಹತ್ತಿ ಅಫಜಲಪುರಕ್ಕೆ ಹೋಗಿದ್ದೆ. ಏನು ಮಾತಾಡಬೇಕು ಅಂತ ದಾರಿಯುದ್ದ ಜೋಡಿಸಿಕೊಂಡಿದ್ದೆ, ಅತ್ತಿ ಮಾತಾಡೋಕೆ ಬಿಡಲಿಲ್ಲ. ರೊಟ್ಟಿ, ಪುಂಡಿಪಲ್ಯ ಹಾಕಿದಳು. ಮಾಮ ಒಳಗಿಂದ ಪೆಟ್ಟಿಗೆ ತಂದು, "ನನಗ ಈ ಹಸರು ಒಪ್ಪಂಗಿಲ್ಲ, ನೀನೇ ಒಯ್ಯಿ" ಅಂತ ಕೈಗೆ ಕೊಟ್ಟರು. ಯಾರಿಗೂ ಒಪ್ಪದ ಹಸಿರು ಅಂತ ಮೂವರೂ ನಕ್ಕೆವು. ಈಗ ಅದು ನನ್ನ ಮುಂದೆ ಟೇಬಲ್ ಮೇಲೆ ಇದೆ. ಅತ್ತಿ ಶ್ರಾವಣದಲ್ಲಿ ಬರ್ತಾಳೆ. ಕಪಡಾ ಬಜಾರ್ ಅಣ್ಣಾ, ಇದನ್ನು ತುರಿಕೆ ಬರದ ಹಾಗೆ ಹೊಲಿಸೋಕೆ ಆಗುತ್ತಾ?

ಕಪಡಾ_ಬಜಾರ್

ಆಗುತ್ತೆ. ಪೀಸು 1.60 ಮೀಟರ್ ಇರಬೇಕು, ಅಳತೆ ನೋಡಿ. ಅರ್ಧ ತೋಳು ಹೊಲಿಸಿ, ಬಗಲಲ್ಲಿ, ಬೆನ್ನಲ್ಲಿ ಸಡಿಲ ಬಿಡೋಕೆ ಹೇಳಿ. ಹೊಲಿಸುವ ಮೊದಲು ಒಂದು ಸಲ ಒಗೆಯಿರಿ, ಹೊಸ ಬಟ್ಟೆಯ ಬಿಗುವು ಹೋಗುತ್ತೆ. ಒಳಗೆ ತೆಳ್ಳಗಿನ ಹತ್ತಿ ಬನಿಯನ್ ಹಾಕಿ. ಶ್ರಾವಣದಲ್ಲಿ ಅಷ್ಟು ಸೆಕೆ ಇರೋದಿಲ್ಲ.

ಆ ಅರಿಶಿನದ ಮೂಲೆ ಕತ್ತರಿಸಬೇಡ ಅಂತ ಟೇಲರಿಗೆ ಹೇಳಿ. ಕಾಲರ್ ಒಳಗೆ ಹೋಗಲಿ.

ಸೇಡಂ_ರೋಡ್

ಹಾಕಿಕೊಂಡ ದಿನ ಫೋಟೋ ಹಾಕಿ ಅಣ್ಣಾ. ಹೊಳೆಯುತ್ತೋ ಇಲ್ಲವೋ ನಾವು ಹೇಳ್ತೀವಿ.